ಎಡಗೈಗೆ ಹೊಲಿದ ಜೇಬು

"ಈ ಸ್ಟುಡಿಯೋದಲ್ಲಿ ನಿನ್ನ ಎಡಗೈಗೆ ಇನ್ನೊಂದ್ಸಲ ಚಾಕು ಬಂತು ಅಂದ್ರೆ ನೀನು ಪೇಂಟಿಂಗ್ ವಿಭಾಗಕ್ಕೆ. ಮತ್ತೆ ಮಾತಿಲ್ಲ" ಎಂದರು ನಮ್ಮ ಪ್ರಿಂಟ್‌ಮೇಕಿಂಗ್ ಮೇಷ್ಟ್ರು. ಬಲಗೈಯ ತೋರುಬೆರಳಿಗೆ ಹೊಲಿಗೆ ಹಾಕಿಸಿಕೊಂಡು ನಾನು ಆಗಷ್ಟೇ ಕ್ಲಿನಿಕ್ಕಿನಿಂದ ವಾಪಸು ಬಂದಿದ್ದೆ. ಬೆರಳು ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ಆ ಮಾತು.

ಕೋಣನಕುಂಟೆಯ ಕಡೆ ಒಂದು ಕಲಾ ಕಾಲೇಜು. ನಾನಾಗ ಎರಡನೇ ವರ್ಷದಲ್ಲಿದ್ದೆ. ವರ್ಷದ ಕೊನೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಕೆಲಸ ನೋಡುತ್ತಾರೆ. ಅವರೂ ನಮ್ಮ ಮೇಷ್ಟ್ರೂ ಸೇರಿ, ಯಾರು ಪ್ರಿಂಟ್‌ಮೇಕಿಂಗ್‌ನಲ್ಲಿ ಉಳಿಯಬೇಕು, ಯಾರು ಪೇಂಟಿಂಗಿಗೆ ಹೋಗಬೇಕು ಎಂದು ತೀರ್ಮಾನಿಸುತ್ತಾರೆ. ನನಗೆ ಬೇಕಾಗಿದ್ದದ್ದು ಇದೊಂದೇ, ಇಲ್ಲಿ ಉಳಿಯುವುದು. ಹಲಗೆಯ ಮೇಲೆ ಚಿತ್ರ ಕೊರೆದು, ರೋಲರಿನಿಂದ ಇಂಕ್ ಹಚ್ಚಿ, ಮೇಲೆ ಒದ್ದೆ ಕಾಗದ ಹಾಸಿ, ಪ್ರೆಸ್ಸಿನ ಚಕ್ರ ತಿರುಗಿಸಿ, ಆಮೇಲೆ ಕಾಗದದ ಮೂಲೆ ಹಿಡಿದು ಮೆಲ್ಲಗೆ ಎತ್ತುವ ಕೆಲಸವಿದೆಯಲ್ಲ, ಅದರ ರುಚಿ ಹತ್ತಿದವರಿಗೆ ಬೇರೆಯದೆಲ್ಲ ಸಪ್ಪೆ. ಬಣ್ಣ ಕಲಸಿಕೊಂಡು ಕ್ಯಾನ್ವಾಸಿನ ಮುಂದೆ ತಲೆ ಓರೆ ಮಾಡಿ ನಿಲ್ಲುವುದು ನನಗೆ ಆಗಿಬರುವುದಿಲ್ಲ. ಅದನ್ನು ನಾನು ಯಾರ ಮುಲಾಜಿಗೂ ಒಪ್ಪಿಕೊಳ್ಳುವವಳಲ್ಲ.

ಮೇಷ್ಟ್ರ ಸಿಟ್ಟಿಗೆ ಕಾರಣವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮರ ಕೊರೆಯುವ ಚಾಕುವಿನ ಅಲಗಿಗೆ ಒಂದೇ ಕಡೆ ಇಳಿಜಾರು ಇರುತ್ತದೆ. ನಮ್ಮ ಸ್ಟುಡಿಯೋದ ಚಾಕುಗಳೆಲ್ಲ ಬಲಗೈಯವರಿಗಾಗಿ ಮಸೆದವು. ಎಡಗೈಯಲ್ಲಿ ಹಿಡಿದರೆ ಅಲಗು ಗೆರೆ ಬಿಟ್ಟು ಪಕ್ಕಕ್ಕೆ ಓಡುತ್ತದೆ. ಅವತ್ತು ಹಾಗೆ ಓಡಿದ್ದು ಸೀದಾ ನನ್ನ ಬೆರಳಿಗೆ ನುಗ್ಗಿತ್ತು.

"ತಪ್ಪು ಚಾಕೂದು ಸಾರ್, ನಂದಲ್ಲ" ಎಂದೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದರು ಮೇಷ್ಟ್ರು. "ಇಷ್ಟು ವರ್ಷ ಇಲ್ಲಿ ಕಲಿತವರೆಲ್ಲ ಇದೇ ಚಾಕೂಲೇ ಕಲಿತಿದ್ದು. ಬರೆಯೋದು ಬಲಗೈಲಿ ತಾನೆ? ಕೊರೆಯೋದೂ ಬಲಗೈಲೇ ಕಲಿ."

ಬರೆಯುವುದು ಬಲಗೈಯಲ್ಲಿ, ನಿಜ. ಆದರೆ ಅದು ಹೇಗೆ ಬಂತು ಎಂದು ಅವರಿಗೇನು ಗೊತ್ತು?

ನಮ್ಮಪ್ಪನದು ಬನಶಂಕರಿ ದೇವಸ್ಥಾನದ ಹತ್ತಿರ ಪೂಜಾಸಾಮಾನಿನ ಅಂಗಡಿ. ಹಿರಿಯರು ತಿಪಟೂರಿನ ಕಡೆಯವರು, ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆಯಾದವರು. ನಾವು ಲಿಂಗ ಕಟ್ಟಿಕೊಂಡವರಾದರೂ ಅಂಗಡಿಯಲ್ಲಿ ಊದುಬತ್ತಿ, ಕುಂಕುಮ, ಎಲ್ಲಕ್ಕಿಂತ ಹೆಚ್ಚಾಗಿ ನಿಂಬೆಹಣ್ಣು ಮಾರುತ್ತೇವೆ. ರಾಹುಕಾಲದ ಹೊತ್ತಿಗೆ ಹೆಂಗಸರು ಬಂದು, ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಹೊರಗು ಮಗುಚಿ, ಎಣ್ಣೆಬತ್ತಿ ಹಾಕಿ ದೀಪ ಹಚ್ಚುತ್ತಾರೆ. ಮಂಗಳವಾರ, ಶುಕ್ರವಾರಗಳಲ್ಲಿ ಗಿರಾಕಿಗಳಿಗೆ ಅಷ್ಟೂ ಪುರುಸೊತ್ತು ಇರುವುದಿಲ್ಲ. ಆಗ ಅಮ್ಮ ಅಂಗಡಿಯ ಒಳಗೆ ಮಣೆ ಹಾಕಿ ಕೂತು ಸಿಪ್ಪೆ ಮಗುಚಿ ಮಗುಚಿ ಬುಟ್ಟಿಗೆ ಹಾಕುತ್ತಾಳೆ.

ನಾನು ಚಿಕ್ಕವಳಿದ್ದಾಗ ಒಂದು ಮಂಗಳವಾರ, ಅಪ್ಪ ಒಳಗೆ ಹೋಗಿದ್ದರು. ಒಬ್ಬ ಹೆಂಗಸು ನಿಂಬೆಹಣ್ಣು ಕೇಳಿದರು. ನಾನು ಓಡಿಹೋಗಿ ದೊಡ್ಡ ಹಣ್ಣನ್ನೇ ಆರಿಸಿ ಕೊಟ್ಟೆ. ಅವರು ಮುಟ್ಟಲಿಲ್ಲ. ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡು, "ಎಡಗೈಲಿ ಕೊಡ್ತೀಯಲ್ಲೇ ದೇವರ ಹಣ್ಣನ್ನ. ಬೇಡ ಬಿಡು" ಎಂದು ಪಕ್ಕದ ಅಂಗಡಿಗೆ ಹೋದರು. ನನ್ನ ಕೈ ಹಾಗೇ ಚಾಚಿಕೊಂಡಿತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲಿಲ್ಲ.

ತಿಳಿಯುವ ಹಾಗೆ ಅಮ್ಮ ಮಾಡಿದಳು. ಅವತ್ತಿನಿಂದ ನನ್ನ ಪ್ರತಿ ಫ್ರಾಕಿಗೂ ಎಡಗಡೆ ಒಂದು ಜೇಬು ಬಂತು. ಬಲಗಡೆ ಇಲ್ಲ, ಎಡಗಡೆ ಮಾತ್ರ. ಅಂಗಡಿಯಲ್ಲಿ ನಿಂತಾಗ, ನೆಂಟರು ಬಂದಾಗ, ಯಾರಾದರೂ ಏನಾದರೂ ಕೊಡುವಾಗ ಅಮ್ಮ ದೂರದಿಂದಲೇ "ಜೇಬು" ಎನ್ನುತ್ತಿದ್ದಳು. ನಾನು ಎಡಗೈಯನ್ನು ಜೇಬಿಗೆ ತುರುಕುತ್ತಿದ್ದೆ. ಸ್ಲೇಟು, ಚಮಚ, ಬಳಪ ಎಲ್ಲವೂ ಹಾಗೇ ಬಲಗೈಗೆ ವರ್ಗವಾದವು. ಅಮ್ಮ ಹೊಡೆದವಳಲ್ಲ, ಬೈದವಳೂ ಅಲ್ಲ, ಅಚ್ಚುಕಟ್ಟಾಗಿ ಜೇಬು ಹೊಲಿದಳು. ಹೊಡೆದಿದ್ದರೆ ಜಗಳವಾದರೂ ಆಡಬಹುದಿತ್ತು. ಅಷ್ಟು ನೀಟಾಗಿ ಹೊಲಿದ ಜೇಬಿನ ಜೊತೆ ಯಾರು ಜಗಳವಾಡುತ್ತಾರೆ?

ಕಾಲೇಜಿಗೆ ಸೇರಿ ಮೊದಲ ಸಲ ಕೊರೆಯುವ ಚಾಕು ಮೇಜಿನ ಮೇಲೆ ಇಟ್ಟಾಗ ಯಾರೂ "ಜೇಬು" ಎನ್ನಲಿಲ್ಲ. ಎಡಗೈ ತಾನಾಗಿ ಮುಂದೆ ಹೋಯಿತು. ಹೋಗಿ ಎತ್ತಿಕೊಂಡಿತು. ನಾನು ತಡೆಯಲಿಲ್ಲ. ಅದರ ಫಲವೇ ಆ ಹೊಲಿಗೆ, ಆ ಎಚ್ಚರಿಕೆ.

ಸರಿ, ಬಲಗೈಯಲ್ಲೇ ಕಲಿಯೋಣ ಎಂದು ಹಠ ಹಿಡಿದೆ. ಮರಕ್ಕಿಂತ ಮೆತ್ತಗಿರುವ ಲಿನೋಲಿಯಂ ಹಾಳೆಯ ಚೂರುಗಳ ಮೇಲೆ ಸುಮ್ಮನೆ ಗೆರೆ ಕೊರೆಯುವ ಅಭ್ಯಾಸ. ಒಂದರ ಪಕ್ಕ ಒಂದು, ಒಂದೇ ಅಗಲ, ಒಂದೇ ಆಳ. ತೆಳು ಗೆರೆಗಳಿಂದ ದಪ್ಪ ಗೆರೆಗಳಿಗೆ, ಬೆಳಕಿನಿಂದ ಕತ್ತಲಿಗೆ. ಉಳಿದವರು ಊಟಕ್ಕೆ ಹೋದಾಗಲೂ ನಾನು ಕೂತು ಕೊರೆಯುತ್ತಿದ್ದೆ. ಕೈ ಮಾತು ಕೇಳುತ್ತಿತ್ತು, ಆದರೆ ಹೆದರಿಕೊಂಡು ಕೇಳುತ್ತಿತ್ತು. ಗೆರೆ ಶುರುವಾಗುವಲ್ಲಿ ಒಂದು ನಡುಕ, ಮುಗಿಯುವಲ್ಲಿ ಒಂದು ಅನುಮಾನ. ಮೇಷ್ಟ್ರು ಬೆಳಕಿಗೆ ಹಿಡಿದು ನೋಡಿ, "ತಪ್ಪಿಲ್ಲ. ಜೀವಾನೂ ಇಲ್ಲ" ಎನ್ನುತ್ತಿದ್ದರು. ಸುಳ್ಳು ಹೇಳುವವರಲ್ಲ ಅವರು. ಅದಕ್ಕೇ ಇನ್ನಷ್ಟು ಕೋಪ ಬರುತ್ತಿತ್ತು.

ಕೊರೆಯುವುದು ಹೀಗಾದರೂ ಉಳಿದದ್ದನ್ನು ನಾನು ಬಿಡಲಿಲ್ಲ. ಇಂಕಿನ ಹದ ಕಣ್ಣಿಗಿಂತ ಕಿವಿಗೆ ಮೊದಲು ತಿಳಿಯುತ್ತದೆ ಎಂದು ಕಲಿತೆ. ಗಾಜಿನ ಮೇಲೆ ರೋಲರ್ ಓಡಿಸುವಾಗ ಇಂಕ್ ಹೆಚ್ಚಾಗಿದ್ದರೆ ಚಪಚಪ ಎನ್ನುತ್ತದೆ. ಹದಕ್ಕೆ ಬಂದಾಗ ಒಗ್ಗರಣೆಯಲ್ಲಿ ಸಾಸಿವೆ ಸಣ್ಣಗೆ ಸಿಡಿದ ಹಾಗೆ ಚಿಟಚಿಟ ಸದ್ದು. ಕಾಗದ ಎಷ್ಟು ಒದ್ದೆಯಿರಬೇಕೆಂದು ಕೆನ್ನೆಗೆ ತಾಗಿಸಿ ನೋಡುವುದನ್ನು ಕಲಿತೆ. ತಂಪಾಗಿರಬೇಕು, ನೀರು ಅಂಟಬಾರದು. ಪ್ರತಿ ಸಲವೂ ಕಾಗದ ಅದೇ ಜಾಗಕ್ಕೆ ಕೂರಬೇಕು, ಕೂದಲೆಳೆಯಷ್ಟೂ ಜರುಗಬಾರದು. ಅದನ್ನೂ ಕಲಿತೆ. ನನ್ನ ಗೆಳೆಯನೊಬ್ಬನಿದ್ದ, ಕೊರೆಯುವುದರಲ್ಲಿ ಜಾಣ, ಅಚ್ಚು ತೆಗೆಯುವುದರಲ್ಲಿ ಮಹಾ ಸೋಮಾರಿ. "ಮಗಾ, ನಂದೂ ಒಂದು ತೆಗ್ದು ಕೊಡು. ನಿನ್ ಕೈಲಿ ಸಖತ್ತಾಗಿ ಬರುತ್ತೆ" ಎಂದು ತನ್ನ ಹಲಗೆಯನ್ನು ನನ್ನ ಮುಂದಿಟ್ಟು ಟೀ ಕುಡಿಯಲು ಹೋಗುತ್ತಿದ್ದ. ಅವನ ಹಲಗೆಯಿಂದ ನಾನು ತೆಗೆದ ಅಚ್ಚನ್ನು ಮೇಷ್ಟ್ರು ಹೊಗಳಿದಾಗ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಆ ದಿನಗಳಲ್ಲೇ ಅಪ್ಪನ ಕೈಯ ಪ್ರಸಂಗ ನಡೆದದ್ದು. ಅಪ್ಪ ಗಿರಾಕಿಗೆ ನಿಂಬೆಹಣ್ಣು ಕೊಡುತ್ತಿರುವ ಬಲಗೈ. ಬೆರಳಲ್ಲಿ ಹವಳದುಂಗುರ, ಮಣಿಕಟ್ಟಿನಲ್ಲಿ ವಿಭೂತಿ. ಅಂಗಡಿಯಲ್ಲಿ ಕೂತು ನೋಡಿಕೊಂಡು ಬರೆದ ಚಿತ್ರವನ್ನು ಹಾಗೇ ಹಲಗೆಗೆ ಇಳಿಸಿ, ಬಲಗೈಯಲ್ಲಿ ಒದ್ದಾಡಿಕೊಂಡು ಕೊರೆದೆ. ಹಲಗೆಯಲ್ಲಿ ಬಲ ಇದ್ದದ್ದು ಕಾಗದಕ್ಕೆ ಬರುವಾಗ ಎಡವಾಗುತ್ತದೆ ಎಂಬುದು ಈ ವಿದ್ಯೆಯ ಮೊದಲನೇ ಪಾಠ. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಕೊರೆಯಬೇಕು. ಕೈಯ ಜಗಳದಲ್ಲಿ ಮುಳುಗಿದ್ದ ನನಗೆ ಅದೇ ಮರೆತುಹೋಗಿತ್ತು. ಅಚ್ಚು ಬಂದ ಮೇಲೂ ಗಮನಿಸಲಿಲ್ಲ. ಹುಮ್ಮಸ್ಸಿನಿಂದ ಮನೆಗೆ ತಂದು ಹಜಾರದ ಗೋಡೆಗೆ ಅಂಟಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಹತ್ತಿರ ಹೋದರು. "ಇದ್ಯಾರಮ್ಮ ಕೈ?"

"ನಿಮ್ದೇ ಅಪ್ಪ. ಉಂಗುರ ನೋಡಿ."

ಅಪ್ಪ ಉಂಗುರವನ್ನೂ ಹೆಬ್ಬೆರಳಿನ ದಿಕ್ಕನ್ನೂ ನೋಡಿದರು. ಮುಖ ಸಣ್ಣದಾಯಿತು. "ನಾನು ಯಾವತ್ತು ಎಡಗೈಲಿ ಕೊಟ್ಟೆ? ಅಂಗಡಿ ಇಟ್ಟಾಗಿಂದ ಒಬ್ಬರಿಗೂ ಕೊಟ್ಟಿಲ್ಲ. ಯಾರಾದ್ರೂ ಬಂದವರು ನೋಡಿದ್ರೆ ಏನಂದ್ಕೊಳ್ತಾರೆ?" ಎಂದು ಅದನ್ನು ಬಿಡಿಸಿ, ಮಡಿಸದೆ, ಮುಖ ಗೋಡೆಯ ಕಡೆ ಮಾಡಿ ಮತ್ತೆ ಅಂಟಿಸಿದರು. ಅವರಿಗೆ ಹರಿಯಲು ಮನಸ್ಸಿಲ್ಲ, ನೋಡಲೂ ಆಗದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಮ್ಮ ಹಜಾರದಲ್ಲಿ ಬೆನ್ನು ತೋರಿಸುವ ಚಿತ್ರವೊಂದು ಬಹಳ ಕಾಲ ಇತ್ತು.

ನಾನು ಅವತ್ತು ನಕ್ಕೆ, ಆದರೆ ಒಳಗೆ ಕುದಿಯುತ್ತಿದ್ದೆ. ಕಾಗದದ ಮೇಲಿನ ಎಡಗೈಯನ್ನೂ ಗೋಡೆಗೆ ತಿರುಗಿಸಬೇಕೇ? ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು, ಬಲಗೈಯಿಂದ ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕಣ್ಣು ಕೀಲಿಸಿ ಕೂತಿದ್ದರು. ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತು ಮಾತ್ರ ಕಣ್ಣಿಗೆ ಚುಚ್ಚಿದ ಹಾಗೆ ಕಂಡಿತು. ಅವರು ಪೂಜೆ ಮುಗಿಸಿ ಲಿಂಗವನ್ನು ಕಟ್ಟಿಕೊಳ್ಳುವ ತನಕ ಬಾಗಿಲಲ್ಲಿ ಕಾದೆ.

"ಅಪ್ಪ, ದೇವರನ್ನ ಕೂರಿಸ್ಕೊಳ್ಳೋದು ಯಾವ ಕೈ ಮೇಲೆ?"

ಅಪ್ಪ ನನ್ನನ್ನು ನೋಡಿದರು. ಪ್ರಶ್ನೆ ಎಲ್ಲಿಂದ ಬಂತೆಂದು ಅವರಿಗೆ ಕೂಡಲೇ ಗೊತ್ತಾಯಿತು. "ಅದಕ್ಕೇ ಕಣಮ್ಮ, ಆ ಕೈನ ಬೇರೆ ಕೆಲಸಕ್ಕೆ ಹಚ್ಚಬಾರದು" ಎಂದರು.

"ದೇವರಿಗೆ ಆಗೋ ಕೈ ನಿಂಬೆಹಣ್ಣಿಗೆ ಆಗಲ್ವಾ?"

"ದೇವರು ಸುಮ್ನಿರ್ತಾನೆ. ಗಿರಾಕಿ ಸುಮ್ನಿರ್ತಾನಾ?" ಎಂದು ಶಲ್ಯ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಹೊರಟರು.

ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಅಡ್ಡಿ ಇದ್ದದ್ದು ದೇವರದ್ದಲ್ಲ, ಗಿರಾಕಿಯದು. ಯಾರೋ ಒಬ್ಬ ಹೆಂಗಸು ಹಣ್ಣು ಬೇಡವೆಂದು ಹೋದಳೆಂದು ನನ್ನ ಅರ್ಧ ಮೈಯನ್ನು ಜೇಬಿನಲ್ಲಿ ಇಟ್ಟು ಬೆಳೆಸಿದ್ದರು. ಮೇಷ್ಟ್ರದ್ದೂ ಅದೇ ಕಥೆ. ಚಾಕು ಹೀಗಿದೆ, ಆದ್ದರಿಂದ ಕೈ ಹೀಗಾಗಬೇಕು. ಕೈಗೆ ತಕ್ಕ ಚಾಕು ಮಾಡಿಕೊಳ್ಳೋಣ ಎಂದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ. ಎಂಥಾ ಬುದ್ಧಿವಂತರಪ್ಪಾ.

ಬನಶಂಕರಿ ಬಸ್ ನಿಲ್ದಾಣದ ಹಿಂದಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಗಟ್ಟಿ ಚಾಕು, ಒಂದು ಸಾಣೆಕಲ್ಲು ಕೊಂಡೆ. ಮನೆಯ ತಾರಸಿಯಲ್ಲಿ ಬಟ್ಟೆ ಒಗೆಯುವ ಕಲ್ಲಿತ್ತು. ಅದರ ಮೇಲೆ ಸಾಣೆಕಲ್ಲು ಇಟ್ಟು, ನೀರು ಚಿಮುಕಿಸಿ, ಇದ್ದ ಇಳಿಜಾರನ್ನು ಸವೆಸಿ ಎದುರು ಬದಿಗೆ ಹೊಸದನ್ನು ಮಸೆಯತೊಡಗಿದೆ. ಹೇಳಿದಷ್ಟು ಸುಲಭವಲ್ಲ. ಮೊದಲು ಅಲಗು ಗುಂಡಗಾಯಿತು, ಬೆಣ್ಣೆಯನ್ನೂ ಕೊಯ್ಯುತ್ತಿರಲಿಲ್ಲ. ಆಮೇಲೆ ತುದಿ ಮುರಿಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಕೈಯನ್ನು ಆಡಿಸದೆ ಇಡೀ ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗಬೇಕೆಂದು ಬಹಳ ತಡವಾಗಿ ತಿಳಿಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಮಸೆದೂ ಮಸೆದೂ ಒಂದು ದಿನ ಹಳೆ ಹಲಗೆಯ ಮೇಲೆ ಗೆರೆ ಎಳೆದು ನೋಡಿದೆ.

ಚಾಕು ಓಡಲಿಲ್ಲ. ಹೇಳಿದಲ್ಲಿಗೆ ಹೋಯಿತು, ಹೇಳಿದಲ್ಲಿ ನಿಂತಿತು. ನಾನು ಅಲ್ಲೇ ನೆಲಕ್ಕೆ ಕೂತು ಅತ್ತೆ. ಸಂತೋಷಕ್ಕೆ ಅಂತ ಹೇಳಿದರೆ ಅದು ಅರ್ಧ ಮಾತು. ಇಷ್ಟು ವರ್ಷ ಈ ಕೈ ಇಲ್ಲೇ ಇತ್ತಲ್ಲ ಎಂಬ ಸಿಟ್ಟಿಗೂ ಅತ್ತೆ.

ಅಮ್ಮ ಬಟ್ಟೆ ಒಣಹಾಕಲು ಬಂದವಳು ಬಕೆಟ್ಟು ಹಿಡಿದುಕೊಂಡು ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಎಡಗೈಯಲ್ಲಿದ್ದ ಚಾಕುವಿನ ಮೇಲಿತ್ತು.

"ಜೇಬು ಅನ್ನಲ್ವಾ?" ಎಂದೆ. ಮಾತು ಬೇಕೆಂದೇ ಒರಟಾಗಿ ಬಂತು.

ಅಮ್ಮ ಬಕೆಟ್ಟು ಕೆಳಗಿಟ್ಟಳು. ಬಟ್ಟೆ ಹರವಿದಳು, ಕ್ಲಿಪ್ ಹಾಕಿದಳು. ಇಳಿದು ಹೋಗುವಾಗ, "ಕಲ್ಲು ತೊಳ್ದಿಡು. ಕಬ್ಬಿಣದ ಪುಡಿ ಬಿಳಿ ಬಟ್ಟೆಗೆ ಹತ್ಕೊಂಡ್ರೆ ಹೋಗಲ್ಲ" ಎಂದಳು ಅಷ್ಟೇ.

ಎರಡು ದಿನವಾದ ಮೇಲೆ ಕಾಲೇಜಿಗೆ ಹೊರಡುವಾಗ ನನ್ನ ಏಪ್ರನ್ ತೆಗೆದುಕೊಂಡೆ. ಅದನ್ನೂ ಅಮ್ಮನೇ ಹೊಲಿದದ್ದು. ಅಭ್ಯಾಸಬಲದಿಂದ ಅದಕ್ಕೂ ಎಡಗಡೆಯೇ ಜೇಬಿತ್ತು. ಈಗ ನೋಡಿದರೆ ಎಡಗಡೆ ಖಾಲಿ. ಹಳೆಯ ಹೊಲಿಗೆಯ ತೂತುಗಳು ಮಾತ್ರ ಚೌಕವಾಗಿ ಉಳಿದಿದ್ದವು. ಜೇಬು ಬಲಗಡೆಗೆ ಹೋಗಿತ್ತು. ಅಮ್ಮ ಅಡುಗೆಮನೆಯಿಂದಲೇ, ನನ್ನ ಕಡೆ ತಿರುಗದೆ, "ಇನ್ನು ಆ ಬಲಗೈನ ಎಲ್ಲಾದ್ರೂ ಇಟ್ಕೋಬೇಕಲ್ಲ" ಎಂದಳು. ಥ್ಯಾಂಕ್ಸ್ ಎಂದರೆ ಅವಳಿಗೆ ಸಿಟ್ಟು ಬರುತ್ತಿತ್ತು, ಅದಕ್ಕೇ ಡಬ್ಬಿ ತೆಗೆದುಕೊಂಡು ಹೊರಟೆ.

ಪರೀಕ್ಷೆಯ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಅಮ್ಮನ ಎರಡು ಕೈಗಳನ್ನು. ನಿಂಬೆಯ ಹೋಳನ್ನು ಮಗುಚುವಾಗ ಎರಡೂ ಹೆಬ್ಬೆರಳು ಒಳಗೆ ಒತ್ತುತ್ತವೆ, ಎಂಟೂ ಬೆರಳು ಹೊರಗಿನಿಂದ ತಡೆಯುತ್ತವೆ. ಸಿಪ್ಪೆ ಹರಿಯಬಾರದು. ಆ ಕೆಲಸದಲ್ಲಿ ಯಾವ ಕೈ ಹೆಚ್ಚು, ಯಾವ ಕೈ ಕಡಿಮೆ ಎಂದು ಯಾರೂ ಕೇಳಿಲ್ಲ, ಯಾವ ಗಿರಾಕಿಯೂ ಬೇಡವೆಂದಿಲ್ಲ. ಅದನ್ನು ಹಲಗೆಗೆ ಇಳಿಸಿ, ತಾರಸಿಯಲ್ಲೇ ಕೂತು, ಎಡಗೈಯಲ್ಲಿ ಕೊರೆದೆ. ಚರ್ಮದ ಸುಕ್ಕಿಗೆ ಒತ್ತೊತ್ತಾಗಿ ಗೆರೆ, ಉಗುರಿಗೆ ಖಾಲಿ ಜಾಗ, ಸಿಪ್ಪೆಯ ರಂಧ್ರಗಳಿಗೆ ಚಾಕುವಿನ ತುದಿಯಿಂದ ಒಂದೊಂದೇ ಚುಕ್ಕೆ. ಮೊದಲು ಮರ ಸಿಬಿರೆದ್ದ ಕಡೆ ಗಾಬರಿಯಾಗುತ್ತಿತ್ತು. ಬರಬರುತ್ತಾ ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ಕೈಗೇ ತಿಳಿಯತೊಡಗಿತು. ಎಳೆಯ ವಿರುದ್ಧ ಹೋಗಬೇಕಾದಾಗ ಚಾಕುವನ್ನು ಮಲಗಿಸಿ ನಿಧಾನಕ್ಕೆ ಹೋಗುತ್ತಿದ್ದೆ.

ಒಂದು ವಿಷಯ ಆಗಲೇ ಕಣ್ಣಿಗೆ ಬಿತ್ತು. ಬಲಗೈಯವರು ಓರೆಯಾಗಿ ಗೆರೆ ಎಳೆದರೆ ಅದು ಬಲಕ್ಕೆ ಏರುತ್ತದೆ, ಎಡಗೈಯವರದು ಎಡಕ್ಕೆ ಏರುತ್ತದೆ. ನನ್ನ ಹಲಗೆಯಲ್ಲಿ ಗೆರೆಗಳೆಲ್ಲ ಎಡಕ್ಕೆ ಏರಿದ್ದವು. ಕಾಲೇಜಿನ ಪ್ರೆಸ್ಸಿನಲ್ಲಿ ಮೊದಲ ಅಚ್ಚು ಎತ್ತಿದಾಗ, ಕನ್ನಡಿಯ ನ್ಯಾಯದಂತೆ, ಎಲ್ಲವೂ ಬಲಕ್ಕೆ ಏರಿ ನಿಂತಿದ್ದವು. ಕಾಗದವನ್ನಷ್ಟೇ ನೋಡಿದವರು, ಯಾರೋ ಬಲಗೈಯವರು ಬರೆದದ್ದು ಎಂದೇ ಹೇಳಬೇಕು. ನಾನು ಒಬ್ಬಳೇ ನಕ್ಕೆ.

ಒಂದೇ ಹಲಗೆಯಿಂದ, ಒಂದಕ್ಕೊಂದು ವ್ಯತ್ಯಾಸವಿಲ್ಲದ ಹಾಗೆ ತೆಗೆದ ಅಚ್ಚುಗಳ ಗುಂಪಿಗೆ ಎಡಿಷನ್ ಎನ್ನುತ್ತಾರೆ. ಪರೀಕ್ಷೆಗೆ ಬೇಕಾದದ್ದು ಅದು. ಒಂದು ಕಪ್ಪಗೆ, ಇನ್ನೊಂದು ಬೂದುಬಣ್ಣವಾಗಿ ಬಂದರೆ ಮೇಷ್ಟ್ರು ಎರಡನ್ನೂ ಹರಿದು ಹಾಕುತ್ತಿದ್ದರು. ನಾನು ಚಿಟಚಿಟ ಸದ್ದಿಗೆ ಕಾದು, ಕಾಗದವನ್ನು ಕೆನ್ನೆಗೆ ತಾಗಿಸಿ, ಚಕ್ರವನ್ನು ಎಲ್ಲೂ ನಿಲ್ಲಿಸದೆ ಒಂದೇ ಉಸಿರಿಗೆ ತಿರುಗಿಸಿ, ಒಂದೊಂದನ್ನೇ ತೆಗೆದು ಹಗ್ಗಕ್ಕೆ ತೂಗುಹಾಕಿದೆ. ಮೇಷ್ಟ್ರು ಆ ಕಡೆ ಬಂದರು. ಒಂದು ಅಚ್ಚಿನ ಮುಂದೆ ನಿಂತರು. ಕನ್ನಡಕ ಮೇಲಕ್ಕೆ ತಳ್ಳಿ ಬಗ್ಗಿ ನೋಡಿದರು. ಅವರು ಪೇಂಟರಲ್ಲ, ಜೀವಮಾನವೆಲ್ಲ ಅಚ್ಚು ತೆಗೆದವರು. ಕಾಗದ ನೋಡಿ ಹಲಗೆ ಹೇಗಿದೆಯೆಂದು ಹೇಳಬಲ್ಲವರು. "ಮೂಲೇಲಿ ಇಂಕ್ ಸ್ವಲ್ಪ ಜಾಸ್ತಿ" ಎಂದಷ್ಟೇ ಹೇಳಿ ಮುಂದೆ ಹೋದರು. ಅವರಿಗೆ ತಿಳಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಪರೀಕ್ಷೆಯ ದಿನ ಹೊರಗಿನಿಂದ ಬಂದವರು ಒಬ್ಬ ಮೇಡಂ, ಪೇಂಟರ್. ಅಚ್ಚುಗಳನ್ನೆಲ್ಲ ಉದ್ದದ ಮೇಜಿನ ಮೇಲೆ ಹರವಿದ್ದೆ. ಹಿಂದಿನ ಅಪ್ಪನ ಕೈಯ ಅಚ್ಚಿನ ಒಂದು ಪ್ರತಿಯನ್ನೂ ಮೇಷ್ಟ್ರು ಹೋಲಿಕೆಗೆಂದು ಪಕ್ಕದಲ್ಲಿ ಇಡಿಸಿದ್ದರು. ನಮ್ಮಲ್ಲಿ ಸಹಿಯನ್ನು ಪರೀಕ್ಷೆಯ ಹೊತ್ತಿಗೆ, ಪರೀಕ್ಷಕರು ಒಪ್ಪಿದ ಮೇಲೇ ಹಾಕಬೇಕು. ಅಲ್ಲಿಯವರೆಗೆ ಅಚ್ಚು ಯಾರದ್ದೂ ಅಲ್ಲ ಎನ್ನುತ್ತಿದ್ದರು ಮೇಷ್ಟ್ರು.

ಮೇಡಂ ಅಮ್ಮನ ಕೈಗಳನ್ನು ತುಂಬಾ ಹೊತ್ತು ನೋಡಿದರು. "ಇದು ಕೆಲಸ" ಎಂದರು. ಆಮೇಲೆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಎಳೆದುಕೊಂಡು, "ನೋಡಿ ಸಾರ್, ಹಳೇದ್ರಲ್ಲಿ ಗೆರೆ ಎಲ್ಲ ಎಡಕ್ಕೆ ವಾಲಿದೆ, ತಡವರಿಸ್ತಾ ಇದೆ. ಎಡಗೈಲಿ ಒದ್ದಾಡಿದ ಹಾಗಿದೆ. ಇದ್ರಲ್ಲಿ ನೋಡಿ, ಬಲಕ್ಕೆ ಎಷ್ಟು ಧೈರ್ಯವಾಗಿ ಏರಿದೆ. ಬಲಗೈ ಪಳಗಿದೆ. ಎಡಗೈ ಚಟ ಬಿಡಿಸಿದ್ದು ಒಳ್ಳೇದೇ ಆಯ್ತು ಸಾರ್" ಎಂದರು.

ಎರಡನ್ನೂ ತಿರುಗುಮುರುಗಾಗಿ ಓದಿದ್ದರು ಪುಣ್ಯಾತ್ಗಿತ್ತಿ. ಪೇಂಟರ್ ಕಣ್ಣು ಕಾಗದದಲ್ಲೇ ನಿಂತುಬಿಟ್ಟಿತ್ತು, ಹಲಗೆಗೆ ಹೋಗಿರಲಿಲ್ಲ. ಮೇಷ್ಟ್ರು ಕೈಕಟ್ಟಿ ಸುಮ್ಮನೆ ನಿಂತಿದ್ದರು. ಅವರಿಗೆ ಗೊತ್ತಿತ್ತು. ಆ ಕ್ಷಣ ಅವರ ಮುಖ ನೋಡಿ ನನಗೆ ಖಚಿತವಾಯಿತು. ಗೊತ್ತಿದ್ದೂ ಮಾತಾಡಲಿಲ್ಲ. ನಾನೂ ಮಾತಾಡದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯ ನನ್ನ ಕಾಲು ತುಳಿದು, "ಸುಮ್ನಿರು ಗುರು, ಪಾಸಾದೆ" ಎಂದು ಪಿಸುಗುಟ್ಟಿದ.

ಸುಮ್ಮನಿರಲು ನೋಡಿದೆ. ಆಗಲಿಲ್ಲ. ದುಡಿದವರು ಒಬ್ಬರು, ಹಾರ ಹಾಕಿಸಿಕೊಂಡವರು ಇನ್ನೊಬ್ಬರು. ನನ್ನ ಮೈಯಲ್ಲೇ ಈ ಅನ್ಯಾಯ ನಡೆಯುತ್ತಿತ್ತು.

"ಸೈನ್ ಮಾಡಮ್ಮ" ಎಂದು ಮೇಡಂ ಪೆನ್ಸಿಲ್ ಚಾಚಿದರು, ನನ್ನ ಬಲಗೈಯ ಕಡೆಗೆ.

ನಾನು ಬಲಗೈಯನ್ನು ಏಪ್ರನ್ನಿನ ಜೇಬಿಗೆ ಹಾಕಿದೆ. ಎಡಗೈಯಿಂದ ಪೆನ್ಸಿಲ್ ತೆಗೆದುಕೊಂಡೆ. ಸ್ಲೇಟಿನ ಕಾಲದಿಂದ ಆ ಕೈ ಒಂದಕ್ಷರ ಬರೆದಿರಲಿಲ್ಲ. ಚಾಕು ಹಿಡಿದು ಪಳಗಿದ ಕೈ ಪೆನ್ಸಿಲ್ ಹಿಡಿದಾಗ ಮಗುವಿನದಾಯಿತು. ನನ್ನ ಹೆಸರು ದಪ್ಪಗೆ, ಸೊಟ್ಟಗೆ, ಅಕ್ಷರಕ್ಕೊಂದು ಗಾತ್ರವಾಗಿ ಕಾಗದದ ಅಂಚಿನಲ್ಲಿ ಕೂತಿತು. ಓದಲು ಬರುತ್ತಿತ್ತು, ಅಷ್ಟು ಸಾಕು.

"ಇನ್ನೂ ಎಡಗೈಯವಳೇನಾ ನೀನು?" ಎಂದರು ಮೇಡಂ.

"ಹೌದು ಮೇಡಂ. ಈ ಹಲಗೆ ಕೊರೆದಿದ್ದು ಇದೇ ಕೈ. ನೀವು ತಡವರಿಸ್ತಿದೆ ಅಂದ್ರಲ್ಲ, ಅದು ಬಲಗೈದು." ಆಮೇಲೆ ಮೇಷ್ಟ್ರ ಕಡೆ ತಿರುಗಿದೆ. "ನಿಮ್ಮ ಸ್ಟುಡಿಯೋದಲ್ಲಿ ಎಡಗೈಗೆ ಚಾಕು ಕೊಟ್ಟಿಲ್ಲ ಸಾರ್. ನಮ್ಮನೆ ತಾರಸೀಲಿ ಕೊರೆದೆ. ಚಾಕೂನ ನಾನೇ ಮಸೆದಿದ್ದು. ಆದ್ರೆ ಮುಂದಿನ ವರ್ಷ ಇಲ್ಲೇ ಕೊರೀತೀನಿ, ಇದೇ ಕೈಲಿ. ಪೇಂಟಿಂಗಿಗೆ ಕಳಿಸೋದಾದ್ರೆ ಈಗ್ಲೇ ಕಳಿಸಿ."

ಸ್ಟುಡಿಯೋದಲ್ಲಿ ಎಲ್ಲರೂ ತಮ್ಮ ತಮ್ಮ ಅಚ್ಚುಗಳನ್ನು ನೋಡಿಕೊಳ್ಳತೊಡಗಿದರು. ಮೇಷ್ಟ್ರು ಮುಂದೆ ಬಂದು ನನ್ನ ಸಹಿಯನ್ನು ನೋಡಿದರು. ಗೆರೆ ನೋಡುವ ಹಾಗೆಯೇ, ಬಗ್ಗಿ, ಕನ್ನಡಕ ಮೇಲಕ್ಕೆ ತಳ್ಳಿ.

"ಉಳಿದಿದ್ದಕ್ಕೂ ಇದೇ ಕೈಲಿ ಹಾಕು" ಎಂದರು. "ಒಂದು ಹಾಗೆ, ಒಂದು ಹೀಗೆ ಇರಬಾರದು. ಎಡಿಷನ್ ಅಂದ್ರೆ ಎಲ್ಲ ಒಂದೇ ಥರ ಇರ್ಬೇಕು." ಆಮೇಲೆ ಕಿಟಕಿಯ ಕಡೆ ನೋಡುತ್ತಾ, "ರಜೆ ಮುಗಿಸಿ ಬಂದಾಗ ಬೆಂಚನ್ನ ಆ ಗೋಡೆ ಪಕ್ಕಕ್ಕೆ ಎಳ್ಕೋ. ಎಡಗೈಯವರಿಗೆ ಬೆಳಕು ಬಲಗಡೆಯಿಂದ ಬರ್ಬೇಕು, ಇಲ್ಲಾಂದ್ರೆ ಕೈ ನೆರಳೇ ಅಡ್ಡ ಬರುತ್ತೆ" ಎಂದರು.

ನಾನು ಕೂತು ಒಂದೊಂದಕ್ಕೂ ಸಹಿ ಹಾಕಿದೆ. ಎಲ್ಲವೂ ಅಷ್ಟೇ ಸೊಟ್ಟಗೆ ಬಂದವು. ಕೊನೆಯದನ್ನು ಎತ್ತಿ ಮೇಷ್ಟ್ರಿಗೆ ಕೊಡುವಾಗ ಕೈ ಒಂದು ಗಳಿಗೆ ಗಾಳಿಯಲ್ಲಿ ತಡೆಯಿತು. ನಿಂಬೆಹಣ್ಣು ಹಿಡಿದು ಚಾಚಿಕೊಂಡಿದ್ದ ಆ ಪುಟ್ಟ ಕೈಗೆ ಏನಾಗಿತ್ತೆಂದು ಅದಕ್ಕೆ ಚೆನ್ನಾಗಿ ನೆನಪಿತ್ತು. ಆದರೂ ಹಿಂದೆ ತೆಗೆದುಕೊಳ್ಳಲಿಲ್ಲ. ಎಡಗೈಯಲ್ಲೇ ಕೊಟ್ಟೆ.

ಅವರು ತೆಗೆದುಕೊಂಡರು.